ಅಪ್ಪ ಒಪ್ಪದ ಕತೆ

ನಮ್ಮ ಮನೆತನದಲ್ಲಿ ಬಿ.ಎ. ಮಾಡಿದವನು ನಾನೇ ಮೊದಲು. ಈಗಲೂ ಎದೆಯುಬ್ಬಿಸಿಯೇ ಹೇಳುತ್ತೇನೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಹಿರೇಕೆರೂರಿನಲ್ಲಿ ಮಾಸ್ತರಿಕೆ ಸಿಕ್ಕಿತು. ಚಹದಂಗಡಿಗೆ ಹೋದರೆ ರೈತರು, "ಕುಂಡ್ರರಿ ಸಾಹೇಬ್ರ" ಎಂದು ಬೆಂಚು ಬಿಟ್ಟು ಹೊರಗೆ ನಿಲ್ಲುತ್ತಿದ್ದರು. ಜೊತೆಯ ಮಾಸ್ತರರಿಗೆ ನಾನು ಬರೀ ಒಕ್ಕಲುತನದವನ ಮಗ. ಎಂಟು ತಿಂಗಳು ನನ್ನ ಪಕ್ಕ ಯಾರೂ ಕೂಡಲಿಲ್ಲ.

ಆಗ ಒಂದು ಕತೆ ಬರೆದೆ. ಅದರಲ್ಲೂ ಒಬ್ಬ ಮಾಸ್ತರ. ಅವನ ಕೋಣೆಗೆ ಯಾರೂ ಬರುವುದಿಲ್ಲ. ಒಂದು ಮಧ್ಯಾಹ್ನ ಕೋಟು ಮಡಚಿಟ್ಟು ಬಾವಿಗೆ ಹಾರುತ್ತಾನೆ. ಸುಳ್ಳು ಯಾಕೆ ಹೇಳಲಿ, ಬರೆಯುವ ಮೊದಲು ನಾನೂ ಬಾವಿಯ ತನಕ ಹೋಗಿ ಬಂದಿದ್ದೆ.

ಕತೆ ಮಾಸಪತ್ರಿಕೆಯಲ್ಲಿ ಅಚ್ಚಾಯಿತು. ಜಂಬದಿಂದ ಒಂದು ಪ್ರತಿಯನ್ನು ಹತ್ತಿಮತ್ತೂರಿಗೆ, ಮನೆಗೆ ಕಳಿಸಿದೆ. ಓದು ಬಾರದ ಅಪ್ಪ ಅದನ್ನು ನೆರೆಯವರಿಂದ ಓದಿಸಿ ಕೇಳಿದ. ನಮ್ಮ ಮನೆಗೆ ಟಪಾಲಿನಲ್ಲಿ ಬರುತ್ತಿದ್ದುದು ಕ್ಷೇಮಸಮಾಚಾರ, ಇಲ್ಲವೇ ಸಾವಿನ ಸುದ್ದಿ. ಕತೆ ಬಂದದ್ದು ಅದೇ ಮೊದಲು.

ಕತೆ ಕೇಳಿದ ಮರುದಿನ, ಪಾಠದ ನಡುವೆ ಅಪ್ಪ ಬಾಗಿಲಲ್ಲಿ ನಿಂತಿದ್ದ. ಪೆಟ್ರೋಲು ಸಿಗದ ಆ ದಿನಗಳ ಇದ್ದಿಲ ಬಸ್ಸಿನ ಮಸಿ ತಲೆಯ ಪಟಕಾದ ಮೇಲೆಲ್ಲ. ಒಳಗೆ ಬಂದವನೇ ನನ್ನ ತೋಳು ಹಿಡಿದು ಹಿಚುಕಿ ನೋಡಿದ.

"ಜೀವಂತ ಅದಿಯಲ್ಲೋ!"

"ಅದೀನಿ, ಅಪ್ಪ. ಅದು ಕತಿ."

"ಕತಿ ಅಂತ ಕತಿ! ನಿಮ್ಮವ್ವ ನಿನ್ನಿ ಸಂಜಿಂದ ತುತ್ತು ಮುಟ್ಟಿಲ್ಲ. ನಡಿ ಮನಿಗೆ. ಈ ನೌಕರೀನೂ ಬ್ಯಾಡ, ನೀ ಕಲತದ್ದೂ ಬ್ಯಾಡ."

ಅವನನ್ನು ಹೊರಗೆ ಕರೆದುಕೊಂಡು ಬಂದು ಹೇಳಿದೆ: "ಬರಂಗಿಲ್ಲ. ಮಂದಿ ಮನಿ ತಂಗಳ ರೊಟ್ಟಿ ತಿಂದು ಕಲತೇನಿ. ಬಿಟ್ಟು ಬರಾಕಲ್ಲ."

ಅಪ್ಪ ಪಟಕಾ ಬಿಚ್ಚಿ ಮಸಿ ಕೊಡವಿದ. "ಹಂಗಾರ ಆ ಕತೀ ಕಡೀ ಭಾಗ ತಿದ್ದು. ಅವರಪ್ಪ ಬಂದ, ಕೈ ಹಿಡದು ಕರಕೊಂಡು ಹೋದ ಅಂತ ಬರಿ."

"ಅವಗ ಯಾರೂ ಬರಂಗಿಲ್ಲ, ಅಪ್ಪ. ಅದಕ್ಕ ಹಾರತಾನ."

"ನಾ ಬಂದೇನಿ ಇಲ್ಲೋ?"

ಬಂದಿದ್ದ, ನಿಜ. ಆದರೆ ಆ ಎಂಟು ತಿಂಗಳು ಯಾರೂ ಬಂದಿರಲಿಲ್ಲ. ಅದೂ ನಿಜ. ಒಂದಕ್ಕಾಗಿ ಇನ್ನೊಂದನ್ನು ಅಳಿಸಲು ನಾನು ತಯಾರಿರಲಿಲ್ಲ. ತಿದ್ದುವುದಿಲ್ಲ ಎಂದೆ. ಅಪ್ಪನ ಕಣ್ಣುಗಳು ತುಂಬಿದವು. ನಾನು ಮಾತು ಬದಲಿಸಲಿಲ್ಲ.

ಸಂಜೆ ಬಸ್ಸು ಹತ್ತಿ ಕಿಟಕಿಯಿಂದ ಕೂಗಿದ: "ಮುಂದಿನ ಕತಿ ಮದ್ಲ ನನಗ ಹೇಳು. ಆಮ್ಯಾಲೆ ಟಪಾಲಿಗೆ ಹಾಕು."

ಹೇಳಲಿಲ್ಲ. ಮರುದಿನವೇ ಮುಂದಿನ ಕತೆ ಬರೆಯಲು ಕುಳಿತೆ. ಅದರಲ್ಲೂ ಯಾರೂ ಬರುವುದಿಲ್ಲ.