ಹದಿನಾಲ್ಕು ಫೋಟೊ

ದೊಡ್ಡಬಳ್ಳಾಪುರದ ನಮ್ಮ ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ನಾನು, ತಂತ್ರಜ್ಞಾನ ಬಂದ ಮೇಲೆ ಅಂಗವೈಕಲ್ಯ ಬರೀ ನೆಪ ಎಂದು ವಾದಿಸಿದೆ. ಸಾಕ್ಷಿಗೆ ಮುಂದಿನ ಸಾಲಿನಲ್ಲಿ ಕೂತಿದ್ದ, ಕಣ್ಣು ಕಾಣದ ನನ್ನ ಸಹಪಾಠಿಯನ್ನೇ ತೋರಿಸಿದೆ. "ಇವರ ಫೋನೇ ಎಲ್ಲ ಓದಿ ಹೇಳುತ್ತೆ. ಇನ್ನೇನು ಬೇಕು?" ಚಪ್ಪಾಳೆ ಬಿತ್ತು. ಬಹುಮಾನವೂ ಬಂತು. ನೆನೆದರೆ ಈಗಲೂ ಮುಖ ಬಿಸಿಯಾಗುತ್ತದೆ.

ಹೊರಗೆ ಬಂದಾಗ ಅವಳು ಬಾಗಿಲ ಹತ್ತಿರ ಕಾಯುತ್ತಿದ್ದಳು. "ಏನಪ್ಪಾ ವಕೀಲ, ಮೊನ್ನೆ ನೀನು ಕಳಿಸಿದ ನೋಟ್ಸ್ ಸ್ವಲ್ಪ ಕೇಳು," ಎಂದು ಫೋನಿನ ದನಿ ಜೋರು ಮಾಡಿದಳು. ಬೆರಳು ಸರಿದಂತೆಲ್ಲ ಅದು "ಫೋಟೊ, ಫೋಟೊ, ಫೋಟೊ" ಎಂದಿತು. ಟೈಪ್ ಮಾಡಿದ್ದನ್ನು ಮಾತ್ರ ಅದು ಓದುತ್ತದೆಂದು ಅವಳು ಮೊದಲೇ ಹೇಳಿದ್ದಳು. ಹೂಂ ಎಂದಿದ್ದ ನಾನು, ಕೈಬರಹದ ಹದಿನಾಲ್ಕು ಪುಟಗಳನ್ನು ಫೋಟೊ ಹೊಡೆದು ಕಳಿಸಿದ್ದೆ.

"ನಾಳೆ ಪರೀಕ್ಷೆ ಕಣೋ. ಇದ್ರಲ್ಲಿ ಒಂದಕ್ಷರಾನೂ ನಂಗೆ ಸಿಕ್ಕಿಲ್ಲ."

ಎಲ್ಲದಕ್ಕೂ ಎದುರುತ್ತರ ಇಟ್ಟುಕೊಂಡಿರುತ್ತಿದ್ದ ನಾನು ಅಲ್ಲೇ ಮೆಟ್ಟಿಲ ಮೇಲೆ ಕೂತು ಒಂದೊಂದೇ ಪುಟ ಓದತೊಡಗಿದೆ. ಅವಳು ರೆಕಾರ್ಡ್ ಮಾಡಿಕೊಂಡಳು. ಮೂರನೇ ಪುಟದಲ್ಲಿ ನನ್ನ ಬರಹ ನನಗೇ ಅರ್ಥವಾಗದೆ ನಿಂತುಬಿಟ್ಟೆ.

"ಫೋಟೊ ಅಂದ್ಬಿಡು," ಎಂದಳು ಅವಳು.