ಎಡಭುಜ ಅರ್ಧ ಇಂಚು ಕೆಳಗೆ

ಬಂದರು ಬೀದಿಯ ದರ್ಜಿಗೆ ಊರಿನವರ ಹೆಸರು ಮರೆತರೂ ಸೊಂಟ ಮರೆಯುತ್ತಿರಲಿಲ್ಲ. ಐದು ಭಾಷೆಯ, ನಾಲ್ಕು ದೇವರ ಊರು ಅದು. ಒಬ್ಬರ ಮಾತು ಇನ್ನೊಬ್ಬರಿಗೆ ಅರ್ಧ ಅರ್ಥ, ಉಳಿದರ್ಧ ಜಗಳ. ಆದರೆ ಅವನ ಟೇಪಿನ ಮುಂದೆ ಎಲ್ಲರೂ ಉಸಿರೆಳೆದು ಹೊಟ್ಟೆ ಬಚ್ಚಿಡುವವರೇ. ಊರಿಗೆ ಊರೇ ಒಪ್ಪಿದ ಸುಳ್ಳು ಅದೊಂದೇ ಎಂದು ಅವನು ನಗುತ್ತಿದ್ದ.

ನಗು ನಿಂತು ಆರು ವರ್ಷವಾಯಿತು. ತನ್ನ ಪಾಲಿನ ಸುಳ್ಳನ್ನು ಅವನು ಆಗ ಹೇಳಿದ್ದ.

ದಡಕ್ಕೆ ಬಿದ್ದ ಹೆಣದ ಮುಖವನ್ನು ಕಡಲು ಉಳಿಸುವುದಿಲ್ಲ, ಹೊಲಿಗೆಯನ್ನು ಉಳಿಸುತ್ತದೆ. ಹಾಗಾಗಿ ಪೊಲೀಸರು ದರ್ಜಿಯನ್ನು ಕರೆಸುತ್ತಿದ್ದರು. ಕಾಲರಿನ ಒಳಮಡಿಕೆ ನೋಡಿ ಇಂಥವನದು ಎಂದರೆ ಮುಗಿಯಿತು. ಆ ದಿನ ಆಸ್ಪತ್ರೆಯ ಹಿಂದಿನ ಕೋಣೆಯಲ್ಲಿ ನೀಲಿ ಗೆರೆಯ ಅಂಗಿಯನ್ನು ಎತ್ತಿ ಹಿಡಿದರೆ ಎಡಭುಜ ಅರ್ಧ ಇಂಚು ಇಳಿದಿತ್ತು. ಊರಿನಲ್ಲಿ ಅಂಥ ಭುಜ ಒಂದೇ: ಬೀದಿಯವರೆಲ್ಲ ಅಕ್ಕ ಎನ್ನುವ ಬಲೆ ಹೆಣೆಯುವವಳ ಮಗನದು, ಒಂದೇ ಹೆಗಲಿಗೆ ಹಗ್ಗ ಹೊತ್ತು ಬೆಳೆದವನದು. ಹೊರಗೆ ಬಂದರೆ ಬಾಗಿಲಲ್ಲೇ ಅವಳು, ಕಡಲಿಗೆ ಹೋಗಿ ಮರಳದ ಮಗನ ಸುದ್ದಿಗೆ ಕಾದು.

“ನಿನ್ನ ಕೈ ಹೊಲಿಗೆ ಅಲ್ಲ ತಾನೇ?”

ಬಾಯಿ “ಅಲ್ಲ” ಎಂದುಬಿಟ್ಟಿತು. ಪೊಲೀಸರೂ ಹಾಗೆಯೇ ಬರೆದುಕೊಂಡರು. ಹೆಣ ವಾರಸುದಾರರಿಲ್ಲದೆ ಸ್ಮಶಾನದ ಮೂಲೆ ಸೇರಿತು.

ಅಂದಿನಿಂದ ವರ್ಷಕ್ಕೊಮ್ಮೆ ಅವಳು ಬಟ್ಟೆ ತರುತ್ತಾಳೆ. ಮಗ ಬಂದಾಗ ಹಾಕಿಕೊಳ್ಳಲು ಹೊಸ ಅಂಗಿ ಬೇಕು. ದೂರದೂರಿನ ಹಡಗು ಹತ್ತಿ ಹೋಗಿರಬೇಕು, ಅಲ್ಲಿಯ ಊಟಕ್ಕೆ ದಪ್ಪಗಾಗಿರುತ್ತಾನೆ, ಎದೆಗೆ ಅರ್ಧ ಇಂಚು ಜಾಸ್ತಿ ಬಿಡು ಎನ್ನುತ್ತಾಳೆ. ಸತ್ತವನು ದರ್ಜಿಯ ಅಳತೆ ಪುಸ್ತಕದಲ್ಲಿ ಮೈ ತುಂಬಿಕೊಳ್ಳುತ್ತಿದ್ದ: ಮೂವತ್ತೆಂಟು, ಮೂವತ್ತೆಂಟೂವರೆ, ಮೂವತ್ತೊಂಬತ್ತು. ಮಷೀನು ತುಳಿಯುತ್ತ ತಲೆಯೆತ್ತಿದರೆ ಬೀದಿಯ ಗುಂಪಿನಲ್ಲಿ ಅದೇ ಭುಜ, ಈಗ ತುಸು ದಪ್ಪಗಾಗಿ, ತಿರುಗಿ ನೋಡದೆ ನಡೆದುಹೋಗುತ್ತಿತ್ತು. ಹೊಲಿದು ತೂಗುಹಾಕಿದ ಆ ಅಂಗಿಗೆ ದರ್ಜಿ ಎಂದೂ ಬೆನ್ನು ಹಾಕಿ ಕೂರಲಿಲ್ಲ.

ಈ ಸಲ ಅವಳಿಗಿಂತ ಮೊದಲು ಅವಳ ಸೊಸೆ ಬಂದಳು. ದೀಪಸ್ತಂಭದ ಕಾವಲಿನವನು ಮದುವೆಗೆ ಕೇಳಿದ್ದಾನೆ; ಬೇರೆ ಭಾಷೆಯವನು, ಆದರೂ ಮೌನ ಇಬ್ಬರಿಗೂ ಅರ್ಥವಾಗುತ್ತದಂತೆ. ಇವಳಿಗೂ ಮನಸ್ಸಿದೆ. ಗಂಡ ಬದುಕಿರುವಾಗ ಎಂಥ ಮದುವೆ ಎಂದು ಅತ್ತೆಯ ಹಟ. ಅತ್ತೆಯನ್ನು ಮೀರಿ ಹೋಗಲು ಇವಳಿಗೆ ಕಾಲೇಳದು.

“ಅವ್ರು ಇಲ್ಲ ಅಂತ ಯಾರಾದ್ರೂ ಒಬ್ರು ಹೇಳಿದ್ರೆ ಸಾಕಿತ್ತು ಮಾವ,” ಎಂದು ಎದ್ದು ಹೋದಳು. ಅವಳಿಗಿನ್ನೂ ಮೂವತ್ತಾಗಿರಲಿಲ್ಲ.

ಮರುದಿನ ಬೆಳಿಗ್ಗೆ ಅಕ್ಕ ಬಟ್ಟೆ ತಂದಳು. ದರ್ಜಿ ಕೊರಳಿನ ಟೇಪು ತೆಗೆದು ಮೇಜಿನ ಮೇಲಿಟ್ಟ. ಆ ನೀಲಿ ಗೆರೆಯ ಅಂಗಿ ತನ್ನ ಕೈಯದೇ ಎಂದ. ಆರು ವರ್ಷ ನುಂಗಿಕೊಂಡಿದ್ದು ಒಂದೇ ಉಸಿರಿಗೆ ಮುಗಿಯಿತು.

ಅವಳು ಬೈಯಲಿಲ್ಲ. ಬಟ್ಟೆಯ ಅಂಚು ಸವರಿದಳು.

“ಗುಂಡಿ ಎಲ್ಲಾ ಇತ್ತಾ?”

“ಎರಡನೇದು ಇರ್ಲಿಲ್ಲ, ಅಕ್ಕ.”

“ಹೂಂ. ಹೊರಡೋವಾಗ, ಹಾಕ್ಕೊಡ್ತೀನಿ ಬಿಚ್ಚು ಅಂದೆ. ಬಂದ್ಮೇಲೆ ಹಾಕು ಅಂದ.” ಆಮೇಲೆ ಹೇಳಿದಳು: “ಅಲ್ಲ ಅನ್ನುವಾಗ ನಿನ್ನ ಕಣ್ಣು ನೆಲ ನೋಡ್ತಾ ಇತ್ತು. ನಾನೇ ಕಂಡೂ ಕಾಣದ ಹಾಗಿದ್ದೆ.”

ಬಟ್ಟೆಯನ್ನು ಮಡಿಚಿ ಕಂಕುಳಿಗಿಟ್ಟುಕೊಂಡು ಎದ್ದಳು. “ಸ್ಮಶಾನದ ಆ ಮೂಲೆ ತೋರ್ಸು ನಡಿ. ದಾರೀಲಿ ಸೊಸೆಗೂ ಹೇಳ್ಬಿಡೋಣ, ಪಾಪ, ಅವಳು ಯಾಕೆ ಕಾಯ್ಬೇಕು.”

ದರ್ಜಿ ಅಂಗಡಿಯ ಬಾಗಿಲೆಳೆದ. ಬೀದಿ ಅಗಲವಾಗಿತ್ತು. ಅವಳು ಅವನಿಂದ ಪಕ್ಕಕ್ಕೆ ಸರಿದು ನಡೆದಳು, ನಡುವೆ ಒಬ್ಬರು ಹಿಡಿಸುವಷ್ಟು ಜಾಗ ಬಿಟ್ಟು.