ಕೊಪ್ಪರಿಗೆಯ ಮೇಲಿನ ದೀಪ

ಪಾಂಡವಪುರದ ಹತ್ತಿರ ನಮ್ಮದೊಂದು ಆಲೆಮನೆ ಇದೆ. ಕಬ್ಬಿನ ಹಾಲು ಕುದಿಯುವ ಕೊಪ್ಪರಿಗೆಯ ಮುಂದೆ ಅಪ್ಪ ನಿಂತರೆ ಉಳಿದವರೆಲ್ಲ ಬಾಯಿ ಮುಚ್ಚಿಕೊಂಡಿರಬೇಕು. ಪಾಕದ ಬಣ್ಣ ನೋಡಿಯೇ ಹದ ಹೇಳುವವನು ಅವನು. ಅವನ ಮಾತಿಗೆ ಎದುರು ಮಾತಿಲ್ಲ.

ಒಳಗೆ ಬರೀ ಹೊಗೆ, ಆವಿ. ಹಗಲಲ್ಲೂ ದೀಪ ಬೇಕು. ಹೋದ ವರ್ಷ ಅಣ್ಣ ಶ್ರೀರಂಗಪಟ್ಟಣದಿಂದ ಎಲ್ಇಡಿ ದೀಪ ತಂದ. ಬೆಳಕು ಅವನಿಗೆ ಸಾಲಲಿಲ್ಲ. ದೀಪಕ್ಕೆ ಹೋಗುವ ಕರೆಂಟನ್ನು ಹಿಡಿತದಲ್ಲಿಡುವ ಡ್ರೈವರ್ ಎಂಬ ಡಬ್ಬಿಯನ್ನೇ ಕಿತ್ತು, ದೊಡ್ಡದೊಂದನ್ನು ಕೂರಿಸಿದ. ನಮ್ಮಣ್ಣನ ಬುದ್ಧಿಯೇ ಹಾಗೆ. ಎತ್ತಿಗಾಗಲಿ ದೀಪಕ್ಕಾಗಲಿ, ತಾಳುವಷ್ಟೇ ಹೊರಿಸಿ ಗೊತ್ತಿಲ್ಲ. ಅವತ್ತು ಆಲೆಮನೆ ಮದುವೆ ಚಪ್ಪರದಂತೆ ಬೆಳಗಿತು ಅನ್ನುವುದೂ ನಿಜ.

ಕೆಲವು ವಾರ ಕಳೆಯುವಷ್ಟರಲ್ಲಿ ಬೆಲ್ಲ ಕೈಕೊಡತೊಡಗಿತು. ಬೆಳಗಿನ ಮೊದಲ ಕೊಪ್ಪರಿಗೆ ಚೆನ್ನಾಗಿ ಬರುತ್ತಿತ್ತು. ಹೊತ್ತೇರಿದ ಮೇಲೆ ಮಾತ್ರ ಪಾಕ ಕೆಂಪಗಾಯಿತೆಂದು ಅಪ್ಪ ಬೇಗನೆ ಇಳಿಸಿಬಿಡುತ್ತಿದ್ದ. ಅದು ಅಚ್ಚಿನಲ್ಲಿ ಗಟ್ಟಿಯಾಗದೆ ಅಂಟಂಟಾಗಿ ಉಳಿಯುತ್ತಿತ್ತು.

"ಬೆಳಗ್ಗೆ ನೆಟ್ಟಗಿರ್ತವೆ ಕಣವ್ವ, ಒತ್ತಾಯ್ತಾ ಆಯ್ತಾ ಕಣ್ಣು ಮಂಜಾಯ್ತವೆ. ಇನ್ಮ್ಯಾಲೆ ನಿಮ್ಮಣ್ಣನೇ ನೋಡ್ಕಳ್ಳಿ," ಎಂದು ಒಂದು ದಿನ ನನಗೆ ಹೇಳಿ, ಹೊರಗೆ ಕಬ್ಬಿನ ರಾಶಿಯ ಪಕ್ಕ ಹೋಗಿ ಕುಳಿತ. ಕಣ್ಣಿನ ಡಾಕ್ಟರ ಹತ್ತಿರ ಹೋಗೋಣವೆಂದರೆ, "ಆಲೆ ಮುಗೀಲಿ ಬುಡು" ಎಂದ. ಆ ಮುಖ ನೋಡಲಾಗದೆ ನಾನು ಒಳಗೆ ಬಂದೆ.

ಮಾರನೆಯ ಮಧ್ಯಾಹ್ನ ಬುತ್ತಿ ತೆಗೆದುಕೊಂಡು ಹೋದಾಗ ಕರೆಂಟು ಇರಲಿಲ್ಲ. ಊಟ ಮುಗಿಯುವ ಹೊತ್ತಿಗೆ ಬಂತು. ನೀರು ಕುಡಿಯಲು ಒಳಗೆ ಬಂದ ಅಪ್ಪ ಅಲ್ಲೇ ನಿಂತ. "ಅರೆ, ಈಗ ಚೆಂದಾಗಿ ಕಾಣ್ತದೆ!"

ತಲೆಯೆತ್ತಿದೆ. ದೀಪ ಬೆಳ್ಳಗೆ ಉರಿಯುತ್ತಿತ್ತು. ತಟ್ಟೆ ತೊಳೆದು ಬರುವಷ್ಟರಲ್ಲಿ ಮಂಕಾಗಿತ್ತು. ಹದ ಬರದ ಪಾಕವೂ ಅಪ್ಪನಿಗೆ ಕೆಂಪಗೆ ಕಂಡದ್ದು ಈ ಮಂಕು ಬೆಳಕಿಗೇ. ಮಿತಿ ಮೀರಿದ ಕರೆಂಟಿಗೆ ಕಾದು ಅದು ಸೊರಗುತ್ತಿತ್ತು, ಆರಿಸಿ ತಣ್ಣಗಾದರೆ ಕೊಂಚ ಚೇತರಿಸಿಕೊಳ್ಳುತ್ತಿತ್ತು. ರಾತ್ರಿಯೆಲ್ಲ ಆರಿದ್ದರೂ ಹೊಸದರಲ್ಲಿದ್ದ ಬೆಳಕು ಮಾತ್ರ ಈಗ ಬೆಳಗ್ಗೆಯೂ ಇರಲಿಲ್ಲ. ಅಷ್ಟು ದಿನ ದಿನಾ ನೋಡುತ್ತಿದ್ದ ನಮಗ್ಯಾರಿಗೂ ಅದು ತಿಳಿದಿರಲಿಲ್ಲ.

"ಅಪ್ಪಾ, ಕೆಟ್ಟಿರೋದು ನಿನ್ ಕಣ್ಣಲ್ಲ, ಈ ಹಾಳು ದೀಪ!" ಎಂದು ಕೂಗಿಕೊಂಡೆ.

ಅಣ್ಣ ಮುಖ ಇಳಿಬಿಟ್ಟುಕೊಂಡು ಹೊಸ ದೀಪ ತಂದ. ಅದರ ಡ್ರೈವರಿಗೆ ಕೈ ಹಾಕಲಿಲ್ಲ. ಬೆಳಕು ಸಾಧಾರಣ, ಆದರೆ ಸಂಜೆಯವರೆಗೂ ಒಂದೇ ಸಮ. ಅಪ್ಪನನ್ನು ಕರೆತಂದು ಕೊಪ್ಪರಿಗೆಯ ಮುಂದೆ ನಿಲ್ಲಿಸಿದೆವು. ನನಗೆ ಗೆದ್ದಷ್ಟು ಖುಷಿ.

ನೊರೆ ಇಳಿಯಿತು. ಪಾಕ ಬಣ್ಣಕ್ಕೆ ತಿರುಗಿತು. ಹದ ಬಂದದ್ದು ನನಗೇ ಗೊತ್ತಾಗುತ್ತಿತ್ತು. ಅಪ್ಪ ಸುಮ್ಮನೆ ನೋಡುತ್ತ ನಿಂತಿದ್ದ. ಆಮೇಲೆ ಅಣ್ಣನ ಕಡೆ ತಿರುಗಿ, ಮೆಲ್ಲಗೆ ಕೇಳಿದ:

"ಇಳಿಸ್ಬೌದೇನ್ಲಾ?"